ಉತ್ತರ ದಿಕ್ಕು "ಮ್ಯಾಲೆ" ಇದೆ ಎನ್ನುವ ಮಕ್ಕಳಿಗೆ ಸಮಾಜ ವಿಜ್ಞಾನದ ಮೊದಲ ಪಾಠ ಯಾವುದಾಗಬೇಕು?

ಪ್ರಶ್ನೆ: ಎರೆಹೊಲದ ಟೀಚರ್, ಯಲಬುರ್ಗಾ

ಶಿಕ್ಷಕ ಬಂಧುಗಳೆಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೆಯ ತರಗತಿಗೆ ಪರಿಸರ ಅಧ್ಯಯನವನ್ನೂ ಆರನೆಯ ತರಗತಿಗೆ ಸಮಾಜ ವಿಜ್ಞಾನವನ್ನೂ ಬೋಧಿಸುತ್ತಿದ್ದೇನೆ. ನಮ್ಮ ಮಕ್ಕಳ ನೆನಪಿನ ಶಕ್ತಿಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ರಾಜ್ಯಗಳ ರಾಜಧಾನಿಗಳನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಆದರೆ ಕಳೆದ ವಾರ ಐದನೆಯ ತರಗತಿಯಲ್ಲಿ ಗೋಡೆಯ ಮೇಲಿನ ಕರ್ನಾಟಕದ ನಕಾಶೆಯ ಮುಂದೆ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಉತ್ತರ ದಿಕ್ಕು ಯಾವ ಕಡೆ ಇದೆ ತೋರಿಸು ಎಂದಾಗ ಅವಳು ತಡವರಿಸದೆ ಕೈಯೆತ್ತಿ ಮಾಳಿಗೆಯನ್ನು ತೋರಿಸಿ, "ಮ್ಯಾಲೆ ಐತ್ರಿ ಟೀಚರ್" ಎಂದಳು. ಯಾರೂ ನಗಲಿಲ್ಲ. ಉಳಿದವರ ತಿಳಿವಳಿಕೆಯೂ ಅಷ್ಟೇ ಆಗಿತ್ತೆಂದು ನನಗೆ ಆಗ ಗೊತ್ತಾಯಿತು.

ಅದರ ಬೆನ್ನಿಗೇ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ತುಂಗಭದ್ರೆಯ ನೀಲಿ ಗೆರೆಯನ್ನು ಬೆರಳಿನಿಂದ ಶಿವಮೊಗ್ಗದಿಂದ ಹೊಸಪೇಟೆಯವರೆಗೆ ಎಳೆದು, "ಹೊಳಿ ಕೆಳಗಿನಿಂದ ಮ್ಯಾಲಕ್ಕ ಹೆಂಗ ಹರಿತೈತ್ರಿ?" ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದು ಹೇಳಿ ಕೂರಿಸಿದೆ.

ಆರನೆಯ ತರಗತಿಯ ಕಥೆಯೂ ಬೇರೆಯಲ್ಲ. ಅಶೋಕ, ಕೃಷ್ಣದೇವರಾಯ, ನಿಜಾಮ, ಈ ಮೂವರಲ್ಲಿ ಯಾರು ಮೊದಲು ಎಂದರೆ ತರಗತಿಯಲ್ಲಿ ಬಗೆಬಗೆಯ ಉತ್ತರಗಳು ಬಂದವು. ರಾಯಚೂರು ಯುದ್ಧ 1520ರಲ್ಲಿ ನಡೆಯಿತು ಎಂಬುದು ಎಲ್ಲರಿಗೂ ಬಾಯಿಪಾಠ. ಅದು ಎಷ್ಟನೆಯ ಶತಮಾನ ಎಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹದಿನೈದನೆಯದು ಎಂದು ಬರೆದರು.

ಇಸವಿ, ಹೆಸರು, ರಾಜಧಾನಿಗಳಿಗಿಂತ ಮೊದಲು ಕಲಿಸಬೇಕಾದ ಕೆಲವು ಮೂಲ ಕೌಶಲಗಳನ್ನು ನಾವು ಹಾರಿಸಿಕೊಂಡು ಬಂದಿದ್ದೇವೆ ಎಂದು ನನಗೆ ಅನಿಸುತ್ತಿದೆ. ಅವು ಯಾವುವು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ವಿನಂತಿ. ನನ್ನ ಬಳಿ ಇರುವುದು ನಲವತ್ತು ನಿಮಿಷದ ಅವಧಿ, ಎರಡು ಗೋಡೆ ನಕಾಶೆ, ಕಂಬಿ ಕಳಚಿದ ಒಂದು ಗೋಳ ಮತ್ತು ದೊಡ್ಡದೊಂದು ಅಂಗಳ.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ರಾಯಚೂರು

ಗುರುಮಾತೆಯವರೇ, ಆ ಹುಡುಗಿ ತಪ್ಪು ಹೇಳಲಿಲ್ಲ. ಗೋಡೆಗೆ ನೇತುಹಾಕಿದ ನಕಾಶೆಯಲ್ಲಿ ಉತ್ತರ ನಿಜಕ್ಕೂ ಮೇಲೆಯೇ ಇರುತ್ತದೆ; ಅವಳು ಕಂಡದ್ದನ್ನು ಹೇಳಿದ್ದಾಳೆ, ನೇತುಹಾಕಿದವರು ನಾವು. ಆದ್ದರಿಂದ ನಕಾಶೆಯನ್ನು ಮೊಳೆಯಿಂದ ಇಳಿಸಿ ನೆಲದ ಮೇಲೆ ಹಾಸಿರಿ, ಅದರ ಉತ್ತರವು ಶಾಲೆಯ ಉತ್ತರಕ್ಕೆ ಬರುವಂತೆ ತಿರುಗಿಸಿರಿ, ಮಕ್ಕಳನ್ನು ಸುತ್ತಲೂ ಕೂರಿಸಿರಿ. ಆಗ ನಕಾಶೆಯಲ್ಲಿ ರಾಯಚೂರು ಯಾವ ಕಡೆಗೆ ಇದೆಯೋ ನಿಜವಾದ ರಾಯಚೂರೂ ಅದೇ ಕಡೆಗೆ ಇರುತ್ತದೆ ಎಂಬುದು ಅವರಿಗೆ ಹೇಳದೆಯೇ ಹೊಳೆಯುತ್ತದೆ. ಮೇಲೆ, ಕೆಳಗೆ ಎಂಬ ಮಾತುಗಳನ್ನು ನಕಾಶೆಯ ಪಾಠದಲ್ಲಿ ಎತ್ತರ ತಗ್ಗುಗಳಿಗೆ ಮಾತ್ರ ಮೀಸಲಿಡಿರಿ. "ಬೀದರ್ ಮೇಲೆ ಇದೆ, ಚಾಮರಾಜನಗರ ಕೆಳಗೆ ಇದೆ" ಎಂದು ನಾವೇ ದಿನವೂ ಹೇಳುತ್ತೇವೆ, ಪರೀಕ್ಷೆಯಲ್ಲಿ ಮಕ್ಕಳನ್ನು ಬೈಯುತ್ತೇವೆ.

ಹೊಳೆಯ ಪ್ರಶ್ನೆ ಕೇಳಿದ ಹುಡುಗನನ್ನು ನಾನಾಗಿದ್ದರೆ ತರಗತಿಯ ನಾಯಕನನ್ನಾಗಿ ಮಾಡುತ್ತಿದ್ದೆ. ನೆಲಕ್ಕೆ ಹಾಸಿದ ನಕಾಶೆಯ ಕೆಳಗೆ ಒಂದು ರಟ್ಟು ಇಟ್ಟು, ನೈಋತ್ಯದ ಅಂಚಿಗೆ ಇಟ್ಟಿಗೆಯೊಂದನ್ನು ಕೊಟ್ಟು ಎತ್ತರಿಸಿ, ಶಿವಮೊಗ್ಗದ ಹತ್ತಿರ ಒಂದು ಗೋಲಿಯನ್ನು ಬಿಡಲು ಅವನಿಗೇ ಹೇಳಿರಿ. ಗೋಲಿ ಈಶಾನ್ಯಕ್ಕೆ ಉರುಳುತ್ತದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿದ ಮೇಲೆ ನದಿ ಉತ್ತರಕ್ಕೂ ಈಶಾನ್ಯಕ್ಕೂ ಹರಿಯುವುದು ಮಲೆನಾಡಿನ ನೆಲ ಎತ್ತರದಲ್ಲಿದ್ದು ನಮ್ಮ ನೆಲ ತಗ್ಗಿನಲ್ಲಿ ಇರುವುದರಿಂದ. ಕಾಗದದ ಮೇಲಿನ ಅಂಚಿಗೂ ನೆಲದ ಎತ್ತರಕ್ಕೂ ಸಂಬಂಧವಿಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಮುನಿರಾಬಾದಿನಿಂದ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ಬರುವ ಕಾಲುವೆಗೆ ಎಡದಂಡೆ ಕಾಲುವೆ ಎಂದೇಕೆ ಹೆಸರು, ಬಳ್ಳಾರಿಯ ಕಡೆಗೆ ಹೋಗುವುದು ಬಲದಂಡೆಯದೇಕೆ? ನೀರು ಹರಿದುಹೋಗುವ ಕಡೆಗೆ ಮುಖ ಮಾಡಿ ನಿಂತವನ ಎಡಗೈ, ಬಲಗೈಗಳ ಲೆಕ್ಕ ಅದು. ಎದುರು ನಿಂತರೆ ಎಡ ಬಲವಾಗುತ್ತದೆ, ಪೂರ್ವ ಮಾತ್ರ ಪಶ್ಚಿಮವಾಗುವುದಿಲ್ಲ. ಎಡ ಬಲಗಳು ನಮ್ಮ ಮೈಯೊಂದಿಗೆ ತಿರುಗುತ್ತವೆ, ದಿಕ್ಕುಗಳು ತಿರುಗುವುದಿಲ್ಲ ಎಂಬ ಈ ಒಂದು ಅಂಶ ಮನಸ್ಸಿಗೆ ಇಳಿಯಲು ನನ್ನ ಮಕ್ಕಳಿಗೆ ಒಂದು ವಾರ ಬೇಕಾಗುತ್ತಿತ್ತು. ಅವಸರ ಮಾಡಬೇಡಿರಿ.

ಆಮೇಲೆ ಪ್ರಮಾಣ, ಅಂದರೆ ನೆಲದ ಅಳತೆಗೂ ನಕಾಶೆಯ ಅಳತೆಗೂ ಇರುವ ಲೆಕ್ಕ. ಕೋಣೆಯ ಉದ್ದವನ್ನು ಮಕ್ಕಳಿಂದ ಹೆಜ್ಜೆಯಲ್ಲಿ ಅಳೆಸಿದರೆ ಒಬ್ಬನಿಗೆ ಹದಿನಾಲ್ಕು ಬರುತ್ತದೆ, ಇನ್ನೊಬ್ಬಳಿಗೆ ಹದಿನೇಳು ಬರುತ್ತದೆ, ಜಗಳ ಶುರುವಾಗುತ್ತದೆ. ಆ ಜಗಳವೇ ಪಾಠ. ಅಡಿಪಟ್ಟಿ ಏಕೆ ಬೇಕು ಎಂಬುದನ್ನು ನೀವು ಹೇಳಬೇಕಾಗಿಯೇ ಇಲ್ಲ. ನಂತರ ಚೌಕುಳಿ ಹಾಳೆಯಲ್ಲಿ ಒಂದು ಮನೆಗೆ ಒಂದು ಅಡಿ ಎಂದು ಇಟ್ಟುಕೊಂಡು ಕೋಣೆಯ ನಕ್ಷೆ ಬರೆಸಿರಿ. ಕೋಣೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ, ಓಣಿಯಿಂದ ಊರಿಗೆ ಹೋದ ಮೇಲೆ ಜಿಲ್ಲೆಯ ನಕಾಶೆಯನ್ನು ಬಿಚ್ಚಿರಿ. ವಕ್ರವಾದ ರಸ್ತೆಯ ಉದ್ದ ತಿಳಿಯಲು ದಾರವನ್ನು ರಸ್ತೆಯ ಗೆರೆಗುಂಟ ಇಟ್ಟು, ಬಿಡಿಸಿ, ಅಡಿಪಟ್ಟಿಯ ಮೇಲೆ ಅಳೆದರೆ ಸಾಕು. ಚಿಹ್ನೆಗಳಿಗೆ ಹೆಚ್ಚು ಹೊತ್ತು ಬೇಡ; ಒಂದನ್ನು ಮಾತ್ರ ಬಿಡಬೇಡಿರಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕಾಶೆಗಳಲ್ಲಿ ನೀರಿರುವ ಹೊಳೆಗೆ ನೀಲಿ, ಬತ್ತಿದ ಹಳ್ಳಕ್ಕೆ ಕಪ್ಪು ಗೆರೆ ಹಾಕುತ್ತಾರೆ. ನಿಮ್ಮೂರಿನ ಹಳ್ಳಕ್ಕೆ ಯಾವ ಬಣ್ಣ ಎಂದು ಕೇಳಿ ನೋಡಿರಿ, ವರ್ಷದಲ್ಲಿ ಎಷ್ಟು ತಿಂಗಳು ನೀರಿರುತ್ತದೆ ಎಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ.

ದಿಕ್ಕಿನ ಅಭ್ಯಾಸಕ್ಕೆ ಹೊಲದ ಚಕ್ಕುಬಂದಿಗಿಂತ, ಅಂದರೆ ಜಮೀನಿನ ಪತ್ರದಲ್ಲಿ ಬರೆದಿರುವ ನಾಲ್ಕು ದಿಕ್ಕಿನ ಗಡಿಯ ವಿವರಕ್ಕಿಂತ, ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ. "ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗುಡಿಯ ಜಮೀನು" ಎಂಬ ನಾಲ್ಕು ಸಾಲುಗಳನ್ನು ಓದಿ ಹೊಲದ ನಕ್ಷೆ ಬರೆಯುವ ಮಗು, ಮಾತಿನಿಂದ ಚಿತ್ರಕ್ಕೆ ಹೋಗುವುದನ್ನು ಕಲಿತಂತೆ. ಆದರೆ ಮನೆಯಿಂದ ಮೂಲ ಪತ್ರ ತರಿಸಬೇಡಿರಿ, ಬಾಯಲ್ಲಿ ಕೇಳಿಕೊಂಡು ಬರಲಿ. ನಾನು ಒಮ್ಮೆ ತರಿಸಿದ್ದಕ್ಕೆ ಸಂಜೆಯೊಳಗೆ ಹುಡುಗನ ತಂದೆಯೂ ದೊಡ್ಡಪ್ಪನೂ ಶಾಲೆಯ ಬಾಗಿಲಿಗೆ ಬಂದಿದ್ದರು.

ದಿಕ್ಕನ್ನು ಗುರುತಿಸಲು ನಮ್ಮ ಹಳೆಯ ಪದ್ಧತಿಯೇ ಸಾಕು: ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ. ನಡುಮಧ್ಯಾಹ್ನ ಕೋಲು ನೆಟ್ಟರೆ ನೆರಳು ಉತ್ತರಕ್ಕೆ ಬೀಳುತ್ತದೆ.

ಉತ್ತರ 2: ವಿಜ್ಞಾನ ಮೇಷ್ಟ್ರು, ಸಿಂಧನೂರು

ಹಿರಿಯ ಗುರುಗಳ ಮಾತುಗಳೆಲ್ಲ ಅನುಭವದಿಂದ ಬಂದವು. ಕೊನೆಯ ಎರಡು ವಾಕ್ಯಗಳಿಗೆ ಮಾತ್ರ ಒಂದು ತಿದ್ದುಪಡಿ ಸೂಚಿಸಲು ಅನುಮತಿ ಬೇಡುತ್ತೇನೆ; ಏಕೆಂದರೆ ಟೀಚರ್ ಅವರು ಇದನ್ನು ಈ ಜುಲೈ ತಿಂಗಳಲ್ಲೇ ಮಾಡಿ ನೋಡಿದರೆ ನೆರಳು ಅವರಿಗೆ ಕೈಕೊಡುತ್ತದೆ.

ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ದಿನಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಸ್ವಲ್ಪ ಈಶಾನ್ಯಕ್ಕೋ ಆಗ್ನೇಯಕ್ಕೋ ಸರಿದಿರುತ್ತಾನೆ. ನೆರಳಿನ ವಿಷಯ ಇದಕ್ಕಿಂತ ಸ್ವಾರಸ್ಯಕರ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂಬ ನಿಯಮ ವರ್ಷವಿಡೀ ನಿಜವಾಗುವುದು ಕರ್ಕಾಟಕ ಸಂಕ್ರಾಂತಿ ವೃತ್ತದ (ಸುಮಾರು 23.5 ಡಿಗ್ರಿ ಉತ್ತರ ಅಕ್ಷಾಂಶ) ಉತ್ತರಕ್ಕಿರುವ ಊರುಗಳಲ್ಲಿ. ಕೊಪ್ಪಳ, ರಾಯಚೂರು, ಬಳ್ಳಾರಿ, ಈ ನಮ್ಮ ಮೂರೂ ಜಿಲ್ಲೆಗಳು ಸುಮಾರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಆ ವೃತ್ತದ ದಕ್ಷಿಣಕ್ಕೆ ಇವೆ. ಹೀಗಾಗಿ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇನ್ನೊಂದು ಮಾತು: ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು ಅದರ ಪಶ್ಚಿಮಕ್ಕೆ, 76, 77 ಡಿಗ್ರಿಯಲ್ಲಿ. ಆದ್ದರಿಂದ ಅತಿ ಗಿಡ್ಡ ನೆರಳು ಹನ್ನೆರಡಕ್ಕೆ ಬರುವುದಿಲ್ಲ, ಜುಲೈ ತಿಂಗಳಲ್ಲಿ ಸುಮಾರು ಹನ್ನೆರಡೂವರೆಗೆ ಬರುತ್ತದೆ.

ಎಲ್ಲ ಕಾಲಕ್ಕೂ ನಂಬಬಹುದಾದ ಪದ್ಧತಿ ಶಂಕುವಿನದು. ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಶುಲ್ಬಸೂತ್ರಗಳ ಕಾಲದಿಂದಲೂ ಬಂದದ್ದು. ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ಅದರ ಬುಡದಿಂದ ದಾರ ಹಿಡಿದು ಸುತ್ತಲೂ ಒಂದು ವೃತ್ತ ಬರೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಕ್ಕೆ ಬರುವಾಗ ಗೆರೆಯನ್ನು ಮುಟ್ಟುವ ಜಾಗದಲ್ಲಿ ಒಂದು ಹರಳು, ಮಧ್ಯಾಹ್ನದ ಮೇಲೆ ಹೊರಕ್ಕೆ ಹೋಗುವಾಗ ಮುಟ್ಟುವ ಜಾಗದಲ್ಲಿ ಇನ್ನೊಂದು ಹರಳು ಇಡಿಸಿರಿ. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಪಠ್ಯದಲ್ಲಿ ಓದಿದ ನಿಯಮವನ್ನು ತಮ್ಮ ಅಂಗಳದಲ್ಲೇ ಪರೀಕ್ಷಿಸಿ, ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ಕಂಡುಕೊಳ್ಳುವುದೂ ಸಮಾಜ ವಿಜ್ಞಾನದ ಕೌಶಲವೇ ಅಲ್ಲವೇ? ವಿಜ್ಞಾನದ ವಿಷಯವೆಂದು ಅದನ್ನು ನಾವು ವಿಜ್ಞಾನ ಶಿಕ್ಷಕರೇ ಇಟ್ಟುಕೊಳ್ಳುವುದಿಲ್ಲ.

ಉತ್ತರ 3: ಕೋಟೆ ಬಡಾವಣೆಯ ಸಮಾಜ ಶಿಕ್ಷಕಿ, ಬಳ್ಳಾರಿ

ದಿಕ್ಕಿನ ಬಗ್ಗೆ ಇನ್ನು ಹೇಳಲು ಉಳಿದಿಲ್ಲ. ನಾನು ಕಾಲದ ಬಗ್ಗೆ ಬರೆಯುತ್ತೇನೆ.

ಶತಮಾನದ ಗೊಂದಲಕ್ಕೆ ಮದ್ದು ನಮ್ಮ ಮನೆಮಾತಿನಲ್ಲೇ ಇದೆ. ಮಗುವಿನ ವಯಸ್ಸು ಕೇಳಿದರೆ "ನಾಲ್ಕು ತುಂಬಿ ಐದರಲ್ಲಿ ಬಿದ್ದೈತಿ" ಎನ್ನುತ್ತಾರಲ್ಲ, 1520 ಎಂದರೂ ಹಾಗೆಯೇ: ಹದಿನೈದು ನೂರುಗಳು ತುಂಬಿ ಹದಿನಾರನೆಯದರಲ್ಲಿ ಬಿದ್ದಿದೆ. ಹೀಗೆ ಹೇಳಿಕೊಟ್ಟ ಮೇಲೆ ನನ್ನ ತರಗತಿಯಲ್ಲಿ ಆ ತಪ್ಪು ಬಹುಮಟ್ಟಿಗೆ ನಿಂತಿತು. ಕ್ರಿಸ್ತಪೂರ್ವದ ಹಿಮ್ಮುಖ ಎಣಿಕೆಗೆ ಕಿಲೋಮೀಟರ್ ಕಲ್ಲುಗಳನ್ನು ನೆನಪಿಸುತ್ತೇನೆ. ಊರಿನಿಂದ ಪೂರ್ವಕ್ಕೆ ಹೋದರೂ ಅಂಕಿ ಏರುತ್ತದೆ, ಪಶ್ಚಿಮಕ್ಕೆ ಹೋದರೂ ಏರುತ್ತದೆ, ಕ್ರಿ.ಪೂ. 300 ಎಂಬುದು ಕ್ರಿ.ಪೂ. 200ಕ್ಕಿಂತ ಹಳೆಯದು ಎಂಬುದು ಆಗ ವಿಚಿತ್ರವಾಗಿ ಕಾಣುವುದಿಲ್ಲ. ಕಲ್ಲಿನ ಹೋಲಿಕೆಯಲ್ಲಿ ಒಂದು ಕೊರತೆ ಇದೆ, ಕಾಲದ ಎಣಿಕೆಯಲ್ಲಿ ಸೊನ್ನೆಯ ವರ್ಷ ಎಂಬುದಿಲ್ಲ. ಅದನ್ನು ಏಳನೆಯ ತರಗತಿಗೆ ಬಿಡಬಹುದು.

ಅಂಗಳ ದೊಡ್ಡದಿದೆ ಎಂದಿರಿ, ಅದನ್ನು ಬಳಸಿಕೊಳ್ಳಿರಿ. ಒಂದು ಹೆಜ್ಜೆಗೆ ನೂರು ವರ್ಷ ಎಂದು ಇಟ್ಟುಕೊಂಡು ಶಾಲೆಯ ಬಾಗಿಲಿನಿಂದ ಹಿಂದಕ್ಕೆ ನಡೆಸಿರಿ. ಒಂದು ಹೆಜ್ಜೆ ತುಂಬುವ ಮೊದಲೇ ನಿಜಾಮರ ಆಳ್ವಿಕೆ ಮುಗಿದ 1948 ಬರುತ್ತದೆ. ಐದು ಹೆಜ್ಜೆಗೆ ಕೃಷ್ಣದೇವರಾಯ, ಒಂಬತ್ತು ಹೆಜ್ಜೆಗೆ 1112ರ ಇಟಗಿಯ ಮಹಾದೇವ ದೇವಾಲಯ. ಮಕ್ಕಳು ಅಶೋಕನನ್ನು ಅಲ್ಲಿಯೇ ಎಲ್ಲೋ ಹುಡುಕುತ್ತಾರೆ. ಆದರೆ ಅವನು ಇಪ್ಪತ್ತಮೂರನೆಯ ಹೆಜ್ಜೆಯಲ್ಲಿ ಸಿಗುತ್ತಾನೆ. ನಮ್ಮ ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದ ನವಶಿಲಾಯುಗದ ಜನರ ಹತ್ತಿರ ಹೋಗಲು ನಲವತ್ತು ಹೆಜ್ಜೆ ಬೇಕು, ನಮ್ಮ ಶಾಲೆಯಲ್ಲಿ ಅವರು ಕಾಂಪೌಂಡಿನ ಹೊರಗೆ ರಸ್ತೆಯಲ್ಲಿ ನಿಲ್ಲಬೇಕಾಯಿತು. ಕೃಷ್ಣದೇವರಾಯ ಅಶೋಕನಿಗಿಂತ ನಮಗೇ ಎಷ್ಟೋ ಹತ್ತಿರದವನು ಎಂದು ಕಾಲಲ್ಲಿ ನಡೆದು ತಿಳಿದ ಮಗುವಿಗೆ ಮೂವರಲ್ಲಿ ಯಾರು ಮೊದಲು ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದಿಲ್ಲ.

ಎರಡನೆಯದು, ಹಿರಿಯರನ್ನು ಮಾತಾಡಿಸುವ ಕೌಶಲ. ನಿಮ್ಮ ಕಡೆ ಪ್ರತಿ ಮನೆಯಲ್ಲೂ ನಿಜಾಮರ ಕಾಲದ, ರಜಾಕಾರರ (ನಿಜಾಮರ ಪರ ನಿಂತ ಸಶಸ್ತ್ರ ಪಡೆಯವರ) ಕಾಲದ ಮಾತು ಬರುತ್ತದೆ. ಮಕ್ಕಳನ್ನು ಕಳುಹಿಸುವ ಮುನ್ನ ಒಂದು ಕಳೆಯುವ ಲೆಕ್ಕ ಮಾಡಿಸಿರಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೇಳೋ ಎಂಬತ್ತೆಂಟೋ ಆಗಿರಬೇಕು; ಅರವತ್ತು ವರ್ಷದ ಅಜ್ಜಿ ಹೇಳುವುದು ಅವರು ತಮ್ಮ ಅವ್ವನಿಂದ ಕೇಳಿದ ಮಾತು. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಇದೇ ಆಗಿರಲಿ: "ಅಜ್ಜೀ, ಇದು ನೀನು ಕಂಡದ್ದೋ, ಕೇಳಿದ್ದೋ?" ವಹಿಯ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಕೇಳಿದ್ದು ಎಂದು ಬರೆದುಕೊಳ್ಳಲಿ. ಕೇಳಿದ್ದು ಸುಳ್ಳೆಂದಲ್ಲ, ಅದಕ್ಕೆ ಇನ್ನೊಂದು ಸಾಕ್ಷಿ ಬೇಕು ಎಂದಷ್ಟೇ. ನೋವಿನ ನೆನಪುಗಳಿದ್ದರೆ ಕೆದಕಬಾರದೆಂದೂ ಹೇಳಿ ಕಳುಹಿಸಿರಿ. ಬರಗಾಲ, 2009ರ ನೆರೆ, ಮೊದಲ ಬಾರಿಗೆ ವಿದ್ಯುತ್ ದೀಪ ಬಂದ ವರ್ಷ, ಇಂಥ ವಿಷಯಗಳಿಂದ ಆರಂಭಿಸುವುದು ಹಿತ.

ನಮ್ಮ ಜಿಲ್ಲೆಗಳಿಗೆಂದೇ ಹೇಳಿಮಾಡಿಸಿದ ಅಭ್ಯಾಸವೊಂದಿದೆ. ಒಂದು ಊರಿನ ಹೆಸರು ಬರೆದು, ಅದು 1947ರಲ್ಲಿ, 1954ರಲ್ಲಿ, 1957ರಲ್ಲಿ, 1974ರಲ್ಲಿ ಯಾವ ರಾಜ್ಯದಲ್ಲಿತ್ತು ಎಂದು ತುಂಬಿಸಬೇಕು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು; ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕೊಪ್ಪಳ, ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 17ರ ನಂತರ ಭಾರತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಕರ್ನಾಟಕ ಎಂಬ ಹೆಸರು 1973ರದು. ಮನೆ ಕದಲಲಿಲ್ಲ, ಗಡಿಗಳು ಕದಲಿದವು ಎಂಬುದನ್ನು ಮಕ್ಕಳು ಬಹಳ ಬೆರಗಿನಿಂದ ನೋಡುತ್ತಾರೆ. ನಿಮ್ಮ ಆ ಹುಡುಗನಂಥವನು 1997ಕ್ಕಿಂತ ಮೊದಲು ಯಲಬುರ್ಗಾ ಯಾವ ಜಿಲ್ಲೆ ಎಂದು ಕೇಳುತ್ತಾನೆ. ರಾಯಚೂರು ಎಂದು ಹೇಳಲು ಸಿದ್ಧರಾಗಿರಿ.

ಉತ್ತರ 4: ಶಾಸನಪ್ರೇಮಿ, ಮಸ್ಕಿ

ನಾನು ಪ್ರಾಥಮಿಕ ಶಾಲೆಯ ಶಿಕ್ಷಕನಲ್ಲ, ಇತಿಹಾಸ ಓದಿದವನು. ಪ್ರತಿ ವರ್ಷ ನಮ್ಮೂರಿನ ಅಶೋಕನ ಶಾಸನ ನೋಡಲು ಬರುವ ಶಾಲಾ ಮಕ್ಕಳಿಗೆ ವಿವರಿಸುವ ಅವಕಾಶ ಸಿಗುತ್ತದೆ. ಅವರಲ್ಲಿ ಹೆಚ್ಚಿನವರು ಬಂಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಫಲಕದ ಮೇಲಿನ ಸಾಲುಗಳನ್ನು ನಕಲು ಮಾಡಿಕೊಂಡು ಹೋಗುತ್ತಾರೆ. ಆಧಾರವನ್ನು ಪ್ರಶ್ನಿಸುವ ಅಭ್ಯಾಸವನ್ನು ಆರನೆಯ ತರಗತಿಗೇ ಹಾಕಬಹುದು ಎಂಬುದು ನನ್ನ ನಂಬಿಕೆ. ಯಾರು ಬರೆಸಿದರು, ಯಾವ ಭಾಷೆಯಲ್ಲಿ, ಯಾರು ಓದಲೆಂದು, ಏನನ್ನು ಹೇಳದೆ ಬಿಟ್ಟರು, ಇಷ್ಟು ಸಾಕು.

ಮಸ್ಕಿಯದೇ ಕಥೆ ನೋಡಿರಿ. ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದುದು ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ನೆರವಿನಿಂದ ಊಹಿಸಿದ್ದರು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಎಂಬವರು ಮಸ್ಕಿಯ ಬಂಡೆಯಲ್ಲಿ ಶಾಸನವನ್ನು ಗುರುತಿಸಿದಾಗ, ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳಲ್ಲಿ ಇಲ್ಲ. ಊಹೆ ಹೇಗೆ ಖಚಿತವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಎಲ್ಲಿ ಸಿಗಬೇಕು?

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಶಕ ವರ್ಷ 1216ರ ತೆಲುಗು ಶಾಸನವಿದೆ. ಶಕ ವರ್ಷಕ್ಕೆ 78 ಕೂಡಿಸಿ ಎಂದರೆ ಮಕ್ಕಳು 1294 ಎಂದು ತಾವೇ ಹೇಳುತ್ತಾರೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಶಾಸನದಲ್ಲಿ ಅಧಿಕಾರಿಗಳ ಹೆಸರಿದೆ, ಕಲ್ಲನ್ನು ಎಳೆದವರ ಹೆಸರಿಲ್ಲ. ಇದನ್ನು ನೀವು ತೋರಿಸಬೇಡಿರಿ, ಕಾಯಿರಿ. ನಾಲ್ಕಾರು ನಿಮಿಷದಲ್ಲಿ ಯಾವುದಾದರೂ ಮಗು ಕೇಳುತ್ತದೆ.

ಸಂಗತಿ ಮತ್ತು ಅಭಿಪ್ರಾಯಗಳ ವ್ಯತ್ಯಾಸಕ್ಕೆ ನಿಮಗೆ ಇಟಗಿ ಹತ್ತಿರವಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಆ ದೇವಾಲಯವನ್ನು ಕಟ್ಟಿಸಿದ ಎಂಬುದು ಸಂಗತಿ. ಅದು "ದೇವಾಲಯ ಚಕ್ರವರ್ತಿ" ಎಂಬುದು ಹೊಗಳಿಕೆ, ಅಂದರೆ ಅಭಿಪ್ರಾಯ. ಎರಡೂ ಶಾಸನದಲ್ಲೇ ಇವೆ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಒಂದೇ ಬಗೆಯ ಸತ್ಯವಲ್ಲ ಎಂದು ತಿಳಿದ ಹುಡುಗ, ನಾಳೆ ಮೊಬೈಲಿನಲ್ಲಿ ಬಂದದ್ದನ್ನೂ ಎರಡು ಸಲ ಓದುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ಮರೆತಿದ್ದೇವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಲುಚಪ್ಪಡಿಯ ರಚನೆಗಳನ್ನು ಜನ ಮೋರ್ಯರ ಮನೆಗಳು ಎನ್ನುತ್ತಾರೆ, ಪುರಾತತ್ವಜ್ಞರು ಬೃಹತ್ ಶಿಲಾಯುಗದ ಸಮಾಧಿ ಸ್ಮಾರಕಗಳು ಎನ್ನುತ್ತಾರೆ. ಒಳಗೆ ಒಂದು ಸಂಸಾರ ಬಾಳಲು ಜಾಗವಿದೆಯೇ, ಒಲೆ ಹೂಡಿದ ಗುರುತಿದೆಯೇ ಎಂದು ಮಕ್ಕಳೇ ನೋಡಿ ಹೇಳಲಿ.

ಉತ್ತರ 5: ಒಬ್ಬ ಪೋಷಕ, ಗಂಗಾವತಿ

ತಮ್ಮೆಲ್ಲರ ಮಾತುಗಳನ್ನು ಗೌರವದಿಂದ ಓದಿದೆ. ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಳೆ, ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅಲ್ಲಿ ಕೇಳುವುದು ಯಾವ ನದಿ, ಯಾವ ಇಸವಿ ಎಂದೇ ಹೊರತು ಕೋಲು ನೆಟ್ಟೆಯಾ ಎಂದಲ್ಲ. ಅಂಗಳದಲ್ಲಿ ನಲವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಒಂದು ಅವಧಿ ಮುಗಿಯುತ್ತದೆ. ಪಾಠಗಳನ್ನು ಮುಗಿಸುವುದು ಯಾವಾಗ? ಬಡವರ ಮಕ್ಕಳಿಗೆ ಆ ಪರೀಕ್ಷೆಯೇ ದೊಡ್ಡ ದಾರಿ. ದಯವಿಟ್ಟು ಇದನ್ನು ಆಕ್ಷೇಪಣೆ ಎಂದು ತಿಳಿಯದೆ ಉತ್ತರಿಸಬೇಕು.

ಉತ್ತರ 6: ನಿವೃತ್ತ ಮುಖ್ಯೋಪಾಧ್ಯಾಯ, ರಾಯಚೂರು

ಮೊದಲು ಸಿಂಧನೂರಿನ ಮೇಷ್ಟ್ರಿಗೆ: ತಿದ್ದುಪಡಿಯನ್ನು ಒಪ್ಪಿದ್ದೇನೆ. ಮೂವತ್ತು ವರ್ಷ ಆ ನಿಯಮವನ್ನು ಹೇಳಿದವನು ನಾನು. ಒಮ್ಮೆಯೂ ಜುಲೈ ತಿಂಗಳಲ್ಲಿ ಕೋಲು ನೆಟ್ಟು ನೋಡಿರಲಿಲ್ಲ.

ಗಂಗಾವತಿಯ ಸಹೋದರರೇ, ತಮ್ಮ ಆತಂಕ ನ್ಯಾಯವಾದದ್ದು. ಇಸವಿಗಳನ್ನು ಬಿಡಬೇಕೆಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ ಬಾಯಿಪಾಠ ಮಾಡಿದ ಮಗು ಪ್ರಶ್ನೆಯ ಮಾತು ಬದಲಾದ ಕೂಡಲೇ ತಡವರಿಸುತ್ತದೆ. "ತುಂಗಭದ್ರೆಯ ಎಡದಂಡೆಯಲ್ಲಿರುವ ಜಿಲ್ಲೆ ಯಾವುದು" ಎಂದು ಕೇಳಿದರೆ ದಿಕ್ಕು ತಿಳಿದ ಮಗುವಿಗೆ ಒಂದು ಅಂಕ ಸಿಗುತ್ತದೆ, ಉಳಿದವರು ಊಹೆ ಮಾಡುತ್ತಾರೆ. ವಾರದಲ್ಲಿ ಒಂದೇ ಅವಧಿಯನ್ನು ಅಂಗಳಕ್ಕೆ ಕೊಟ್ಟು, ಉಳಿದವುಗಳಲ್ಲಿ ಪಾಠ ನಡೆಸಬಹುದು. ನಿಮ್ಮ ಮಗಳಿಗೆ ಮನೆಯಲ್ಲೇ ಒಂದು ಕೆಲಸ ಕೊಡಿರಿ: ಸಂತೆಯಿಂದ ತಂದ ಚೀಲವನ್ನು ಬರಿದು ಮಾಡುವಾಗ ಯಾವ ಕಾಯಿಪಲ್ಲೆ ಯಾವ ಊರಿನಿಂದ ಬಂದದ್ದೆಂದು ಕೇಳಿ ತಿಳಿದು ಪಟ್ಟಿ ಮಾಡಿ, ಮೂರು ವಾರಗಳ ನಂತರ ಕಂಬನಕ್ಷೆ ಬರೆಯಲಿ. ಹತ್ತು ನಿಮಿಷದ ಕೆಲಸ, ಕೋಷ್ಟಕ ಓದುವುದು ಬಂದುಬಿಡುತ್ತದೆ.

ಉತ್ತರ 7: ಎರೆಹೊಲದ ಟೀಚರ್, ಯಲಬುರ್ಗಾ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡದೆ ಬರೆಯಬಾರದೆಂದು.

ನಕಾಶೆಯನ್ನು ಇಳಿಸಿದ್ದೇನೆ. ಗೋಲಿಯ ಪ್ರಯೋಗ ಮೊದಲ ಸಲ ಕೆಟ್ಟಿತು, ಏಕೆಂದರೆ ನಮ್ಮ ನಕಾಶೆಗೆ ನಡುವೆ ಮಡಿಕೆ ಇದ್ದು ಗೋಲಿ ದಾವಣಗೆರೆಯಲ್ಲೇ ನಿಂತುಬಿಟ್ಟಿತು. "ಅಲ್ಲೊಂದು ಡ್ಯಾಂ ಕಟ್ಯಾರ್ರಿ" ಎಂದು ಅದೇ ಹುಡುಗ ಹೇಳಿ ಎಲ್ಲರನ್ನೂ ನಗಿಸಿದ. ಮಡಿಕೆಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಸರಿಮಾಡಿಕೊಂಡು ಬಂದ ಮೇಲೆ ಗೋಲಿ ಹೊಸಪೇಟೆ ದಾಟಿತು.

ಮೂರು ಅಡಿಯ ಕೋಲು ನೆಟ್ಟು ನೋಡಿದೆವು. ಮೋಡ ಬಿಟ್ಟದ್ದು ಒಂದೇ ದಿನ. ಹನ್ನೆರಡು ಗಂಟೆಗೆ ನೆರಳು ಇನ್ನೂ ಪಶ್ಚಿಮಕ್ಕೆ ವಾಲಿತ್ತು, ಹನ್ನೆರಡೂವರೆಯ ಹೊತ್ತಿಗೆ ಅತ್ಯಂತ ಗಿಡ್ಡವಾಯಿತು, ನಾಲ್ಕು ಇಂಚಿನಷ್ಟು, ದಕ್ಷಿಣಕ್ಕೆ. ಪಠ್ಯದಲ್ಲಿ ಉತ್ತರಕ್ಕೆ ಎಂದಿದೆಯಲ್ಲ ಟೀಚರ್ ಎಂದು ಮಕ್ಕಳು ಕೇಳಿದಾಗ, ಪುಸ್ತಕ ತಪ್ಪೋ ಕೋಲು ತಪ್ಪೋ ಎಂದು ಒಂದು ಇಡೀ ಅವಧಿ ವಾದ ನಡೆಯಿತು. ಕೋಲನ್ನು ಕಿತ್ತಿಲ್ಲ. ಆಗಸ್ಟ್ ಎರಡನೆಯ ವಾರದವರೆಗೆ ಪ್ರತಿದಿನ ಬಿಸಿಲಿದ್ದರೆ ಇಬ್ಬರು ಹೋಗಿ ಅಳೆದು ಬರೆಯಬೇಕೆಂದು ಪಾಳಿ ಹಾಕಿದ್ದೇವೆ.

ಹಿರಿಯರ ಸಂದರ್ಶನದಲ್ಲಿ ಒಂದು ತೊಡಕು ಬಂದಿದೆ. ಕಂಡದ್ದು, ಕೇಳಿದ್ದು ಎಂಬ ಎರಡು ಭಾಗಗಳಲ್ಲಿ ಮಕ್ಕಳು ಬಹುಪಾಲು ಎಲ್ಲವನ್ನೂ ಕಂಡದ್ದರ ಕಡೆಗೇ ಬರೆದುಕೊಂಡು ಬಂದಿದ್ದಾರೆ. ಅಜ್ಜ ಹೇಳಿದ್ದನ್ನು "ಕೇಳಿದ್ದು" ಎಂದು ಬರೆದರೆ ಅಜ್ಜನನ್ನು ನಂಬಲಿಲ್ಲವೆಂದಾಗುತ್ತದೆ ಎಂಬ ಸಂಕೋಚ ಅವರಿಗೆ. ಒಬ್ಬಳು ಮಾತ್ರ, ಮೊದಲ ದಿನ ಮಾಳಿಗೆ ತೋರಿಸಿದವಳು, ನಡುವೆ ತಾನೇ ಮೂರನೆಯ ಗೆರೆ ಎಳೆದು "ಅಜ್ಜಿಗೆ ನೆನಪಿಲ್ಲ" ಎಂದು ಬರೆದು, ಅದರ ಕೆಳಗೆ ಐದು ಸಾಲು ತುಂಬಿಸಿದ್ದಾಳೆ. ಬಳ್ಳಾರಿಯ ಅಕ್ಕ ಅವರು ತಮ್ಮ ತರಗತಿಯಲ್ಲಿ ಈ ಸಂಕೋಚವನ್ನು ಹೇಗೆ ಬಿಡಿಸಿದರೆಂದು ತಿಳಿಸಿದರೆ ಮುಂದಿನ ವಾರದ ಕೆಲಸಕ್ಕೆ ಅನುಕೂಲವಾಗುತ್ತದೆ.